ಉತ್ತರ ಹೇಳುವ ಮುಂಚೆ ಸ್ವಲ್ಪ ತಡೆಯಿರಿ: ಮಕ್ಕಳ ಪ್ರಶ್ನೆಯಿಂದಲೇ ಪ್ರಾಜೆಕ್ಟ್ ನಡೆಸುವ ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ಅಂದ ಕೂಡಲೇ ನಮ್ಮ ಶಾಲೆಗಳಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಶುಕ್ರವಾರ ಟೀಚರ್ ವಿಷಯ ಕೊಡುತ್ತಾರೆ. ಶನಿವಾರ ಮಗು ಅಪ್ಪನ ಜೊತೆ ಜೆರಾಕ್ಸ್ ಅಂಗಡಿಗೆ ಹೋಗುತ್ತದೆ. ಅಂಗಡಿಯವರೇ ಗೂಗಲ್‌ನಲ್ಲಿ ಹುಡುಕಿ ನಾಲ್ಕು ಬಣ್ಣದ ಚಿತ್ರ ಪ್ರಿಂಟ್ ತೆಗೆದು ಕೊಡುತ್ತಾರೆ. ಭಾನುವಾರ ಅಮ್ಮ ಅದನ್ನು ಚಾರ್ಟ್ ಮೇಲೆ ಅಂಟಿಸಿ, ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಹಾಕುತ್ತಾರೆ. ಸೋಮವಾರ ಅದು ಗೋಡೆ ಮೇಲೆ. ಇಷ್ಟೆಲ್ಲ ಆಗುವಾಗ ಮಗು ಕೇಳಿದ ಪ್ರಶ್ನೆ ಒಂದೇ: "ಯಾವತ್ತು ಕೊಡಬೇಕು ಮಿಸ್?"

ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಪ್ರಶ್ನೆ ಅದರದ್ದಲ್ಲ, ಹಾಗಾಗಿ ಉತ್ತರ ಹುಡುಕುವ ಗರಜೂ ಅದಕ್ಕಿಲ್ಲ. ಮಗು ತಾನೇ ಕೇಳಿದ ಒಂದು ಪ್ರಶ್ನೆ ಹಿಡಿದು, ತಾನೇ ಅಳೆದು ನೋಡಿ, ಏನಾಯಿತು ಅಂತ ಹೇಳುವಂತೆ ಮಾಡಬೇಕಾದರೆ ಟೀಚರ್ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. 6ರಿಂದ 8ನೇ ತರಗತಿಯವರೆಗಿನ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಉದ್ದಕ್ಕೂ ಒಂದೇ ಉದಾಹರಣೆ ತೆಗೆದುಕೊಳ್ಳುತ್ತೇನೆ: ಬಯಲುಸೀಮೆಯ ಊರೊಂದರ ಬೋರ್‌ವೆಲ್ ನೀರು, ಅದಕ್ಕೆ ನೊರೆ ಬರದ ಸೋಪು.

1. ವಿಷಯ ಆರಿಸುವುದು

'ಜಾಗತಿಕ ತಾಪಮಾನ', 'ಸೌರಮಂಡಲ', 'ಪರಿಸರ ಮಾಲಿನ್ಯ' ಇವೆಲ್ಲ ಪ್ರಬಂಧಕ್ಕೆ ಒಳ್ಳೆಯ ವಿಷಯಗಳು. ಪ್ರಾಜೆಕ್ಟ್‌ಗೆ ಅಲ್ಲ. ಏಳನೇ ತರಗತಿಯ ಮಗು ಸೌರಮಂಡಲದಲ್ಲಿ ಅಳೆಯುವುದೇನು? ಪುಸ್ತಕದಿಂದ ನಕಲು ಮಾಡುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ವಿಷಯ ಒಪ್ಪುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಮಗು ಇದನ್ನು ದಿನಾ ನೋಡುತ್ತದಾ? ಶಾಲೆಯಲ್ಲೋ ಮನೆಯಲ್ಲೋ ಸಿಗುವ ಸಾಮಾನಿನಲ್ಲೇ ಎಣಿಸುವುದು, ಅಳೆಯುವುದು, ಹೋಲಿಸುವುದು ಆಗುತ್ತದಾ? ಇದರಲ್ಲಿ ನಿಮಗೇ ಉತ್ತರ ಗೊತ್ತಿಲ್ಲದ ಒಂದಾದರೂ ಭಾಗ ಇದೆಯಾ?

ಮೂರನೆಯದು ತುಂಬ ಮುಖ್ಯ. ಗಡಸು ನೀರಿಗೆ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚಿರುವ ನೀರಿಗೆ, ಸೋಪು ನೊರೆ ಕೊಡುವುದಿಲ್ಲ ಅಂತ ನಿಮಗೆ ಗೊತ್ತಿರಬಹುದು. ಆದರೆ ನಿಮ್ಮ ಊರಿನ ಯಾವ ಬೀದಿಯ ನೀರು ಹೆಚ್ಚು ಗಡಸು ಅಂತ ಗೊತ್ತಾ? ಗೊತ್ತಿಲ್ಲ. ಪುಸ್ತಕದಲ್ಲೂ ಇಲ್ಲ, ಗೂಗಲ್‌ನಲ್ಲೂ ಇಲ್ಲ. ಮಕ್ಕಳು ನಿಮ್ಮ ಮುಖ ನೋಡಿ ಉತ್ತರ ಊಹಿಸೋಕೆ ಆಗಲ್ಲ. ಅಲ್ಲಿಂದಲೇ ನಿಜವಾದ ಹುಡುಕಾಟ ಶುರು.

ಬಿಸಿಯೂಟದ ಅಡುಗೆ ಅಕ್ಕನನ್ನು ಮೊದಲೇ ಮಾತಾಡಿಸಿ. "ಈ ನೀರಲ್ಲಿ ಬೇಳೆ ಬೇಯಲ್ಲ ಮೇಷ್ಟ್ರೇ" ಅನ್ನುವ ಮಾತು ಬಂದರೆ ನಿಮ್ಮ ಪ್ರಾಜೆಕ್ಟ್ ಅರ್ಧ ಸಿದ್ಧ.

2. ಮೊದಲ ದಿನ: ತೋರಿಸಿ, ಆಮೇಲೆ ಸುಮ್ಮನಿರಿ

ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ ತನ್ನಿ. ಒಂದರಲ್ಲಿ ಮಳೆ ನೀರು, ಇನ್ನೊಂದರಲ್ಲಿ ಅಷ್ಟೇ ಬೋರ್ ನೀರು. ಮಳೆ ನೀರು ಹಿಡಿಯೋಕೆ ಸುಲಭ: ತಾರಸಿಯ ಮೊದಲ ನೀರು ಹರಿದುಹೋದ ಮೇಲೆ ತೆರೆದ ಜಾಗದಲ್ಲಿ ಪಾತ್ರೆ ಇಟ್ಟರೆ ಸಾಕು. ಯಾವುದರಲ್ಲಿ ಯಾವ ನೀರು ಅಂತ ಹೇಳಬೇಡಿ. ಎರಡಕ್ಕೂ ಒಂದೇ ಸೋಪಿನ ನೀರನ್ನು ಅಷ್ಟಷ್ಟೇ ಹನಿ ಹಾಕಿ, ಮುಚ್ಚಳ ಬಿಗಿದು, ಇಬ್ಬರು ಮಕ್ಕಳ ಕೈಗೆ ಕೊಟ್ಟು ಕುಲುಕಿಸಿ. ಒಂದರಲ್ಲಿ ನೊರೆ ಉಕ್ಕುತ್ತದೆ. ಇನ್ನೊಂದು ಮಬ್ಬಾಗಿ, ಮೇಲೆ ಬಿಳಿ ಗಸಿ ತೇಲುತ್ತದೆ.

ಈಗ ಮಾತಾಡಬೇಡಿ. ಇದು ಹೇಳಿದಷ್ಟು ಸುಲಭ ಇಲ್ಲ, ನಮ್ಮ ವೃತ್ತಿಯೇ ಮಾತಾಡುವುದು ನೋಡಿ. "ಮಕ್ಕಳೇ, ಇದನ್ನು ಗಡಸು ನೀರು ಅಂತಾರೆ" ಅಂತ ಬಾಯಿಗೆ ಬಂದೇ ಬರುತ್ತದೆ. ಆ ಒಂದು ವಾಕ್ಯ ಹೇಳಿಬಿಟ್ಟರೆ ಮಕ್ಕಳು ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಾರೆ. ಮುಗಿಯಿತು.

ಅಮೆರಿಕದ ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ ಇದನ್ನೇ ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ 1 ಸೆಕೆಂಡ್ ಮಾತ್ರ ಅಂತ ಕಂಡರು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು, ಮಕ್ಕಳೇ ಕೇಳುವ ಪ್ರಶ್ನೆಗಳೂ ಜಾಸ್ತಿಯಾದವು. 3 ಸೆಕೆಂಡ್ ಅಂದರೆ ಏನು ಮಹಾ ಅನಿಸಬಹುದು. ತರಗತಿಯ ಮುಂದೆ ನಿಂತು ಮನಸ್ಸಿನಲ್ಲೇ ಎಣಿಸಿ ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಹೊತ್ತು ತಡೆಯಿರಿ. ಒಳ್ಳೆಯ ಮಾತು ಬರುವುದು ಹೆಚ್ಚಾಗಿ ಆಮೇಲೆಯೇ.

3. ಪ್ರಶ್ನೆ ಕಲೆಹಾಕುವುದು

"ಇದನ್ನು ನೋಡಿ ನಿಮಗೆ ಏನೇನು ಕೇಳಬೇಕು ಅನಿಸುತ್ತದೆ?" ಅಂತ ಹೇಳಿ, ನಾಲ್ಕು ನಾಲ್ಕು ಮಕ್ಕಳ ಗುಂಪಿಗೆ ಒಂದು ಹಾಳೆ ಕೊಡಿ. 10 ನಿಮಿಷ. ನಿಯಮ ಕಡಿಮೆ ಇರಲಿ. ಬಂದ ಪ್ರಶ್ನೆಯನ್ನೆಲ್ಲ ಬರೆಯಬೇಕು. ಯಾರ ಪ್ರಶ್ನೆಗೂ ನಗಬಾರದು. ಅಲ್ಲೇ ಉತ್ತರ ಹೇಳೋಕೆ ಹೋಗಬಾರದು. ಈ ಕೊನೆಯ ನಿಯಮ ನಿಮಗೂ ಅನ್ವಯಿಸುತ್ತದೆ.

ಮನೆಮಾತಿನಲ್ಲೇ ಬರೆಯಲಿ. "ಬುರುಗು ಯಾಕೆ ಬರಾಕಿಲ್ಲ" ಅಂತ ಒಬ್ಬಳು ಬರೆದರೆ ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದುವ ದಿನ ಇವತ್ತಲ್ಲ. ತಿದ್ದುಪಡಿ ಶುರುವಾದರೆ ಮಕ್ಕಳು ಗೊತ್ತಿರುವ ಪದಗಳಲ್ಲಿ ಬರೆಯಬಹುದಾದ ಪ್ರಶ್ನೆಯನ್ನು ಮಾತ್ರ ಕೇಳುತ್ತಾರೆ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಮಾತಾಡುವ ಮಕ್ಕಳಿದ್ದರೆ ಬಾಯಲ್ಲಿ ಹೇಳಲಿ, ಪಕ್ಕದವರು ಬರೆದುಕೊಳ್ಳಲಿ.

ಪ್ರಶ್ನೆಯೇ ಬರಲಿಲ್ಲ ಅಂದರೆ? ಮೊದಲ ಸಲ ಹಾಗೆ ಆಗಬಹುದು. ಆರು ವರ್ಷ ಉತ್ತರ ಕೊಟ್ಟು ಅಭ್ಯಾಸವಾದ ಮಕ್ಕಳಿಗೆ ಪ್ರಶ್ನೆ ಕೇಳು ಅಂದರೆ ಇದೂ ಪರೀಕ್ಷೆ ಅನಿಸುತ್ತದೆ. ಆಗ ಬಾಟಲಿಗಳನ್ನು ಗುಂಪುಗಳ ಕೈಗೇ ಕೊಡಿ. ಕೈಯಲ್ಲಿ ವಸ್ತು ಇದ್ದಾಗ ಬಾಯಿ ತಾನಾಗಿ ತೆರೆಯುತ್ತದೆ. ಗೋಡೆಗೆ ಒಂದು ಪ್ರಶ್ನೆ ಪೆಟ್ಟಿಗೆಯನ್ನೂ ತಗಲಿಹಾಕಿ, ಹೆಸರು ಬರೆಯದೆ ಚೀಟಿ ಹಾಕಬಹುದು.

ಈ ಕೆಲಸಕ್ಕೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ಮಾದರಿ ಇದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ 'ಸವಾಲಿರಾಮ್' ಅನ್ನುವ ಒಂದು ಕಲ್ಪನೆಯ ಪಾತ್ರ ಇತ್ತು. ಮಕ್ಕಳು ತಲೆಗೆ ಬಂದ ಪ್ರಶ್ನೆಯನ್ನೆಲ್ಲ ಅವನಿಗೆ ಕಾಗದ ಬರೆದು ಕೇಳುತ್ತಿದ್ದರು. ಟೀಚರನ್ನು ಕೇಳೋಕೆ ಹೆದರುವ ಮಗು ಸವಾಲಿರಾಮನನ್ನು ಕೇಳೋಕೆ ಹೆದರಬೇಕಾಗಿಲ್ಲ, ಅಲ್ವಾ? ನಿಮ್ಮ ತರಗತಿಯ ಪೆಟ್ಟಿಗೆಗೂ ಮಕ್ಕಳೇ ಒಂದು ಹೆಸರಿಡಲಿ.

4. ಪ್ರಶ್ನೆಗಳನ್ನು ಬೇರೆ ಬೇರೆ ಮಾಡುವುದು

ಬಂದ ಪ್ರಶ್ನೆಗಳನ್ನು ಕಪ್ಪುಹಲಗೆ ಮೇಲೆ ಬರೆಯಿರಿ. ಮಕ್ಕಳ ಜೊತೆ ಕೂತು ನಾಲ್ಕು ಗುಂಪು ಮಾಡಿ:

- ಪುಸ್ತಕದಲ್ಲಿ ಸಿಗುವವು: "ಸೋಪು ಯಾವುದರಿಂದ ಮಾಡ್ತಾರೆ?"
- ಊರಿನವರನ್ನು ಕೇಳಬೇಕಾದವು: "ಬೋರು ಬರೋಕೆ ಮುಂಚೆ ಯಾವ ನೀರು ಕುಡೀತಿದ್ರು?"
- ಮಾಡಿ ನೋಡಬೇಕಾದವು: "ಕಾಯಿಸಿದ್ರೆ ನೊರೆ ಬರುತ್ತಾ?"
- ಸದ್ಯಕ್ಕೆ ನಮ್ಮ ಕೈಗೆ ಸಿಗದವು: "ಭೂಮಿ ಒಳಗೆ ನೀರು ಎಷ್ಟಿದೆ?"

ಯಾವ ಪ್ರಶ್ನೆ ಯಾವ ಗುಂಪಿಗೆ ಅಂತ ಮಕ್ಕಳು ಜಗಳವಾಡಲಿ. ವಿಂಗಡಿಸುವ ಈ ಜಗಳದಲ್ಲೇ 'ಇದನ್ನು ಹೇಗೆ ತಿಳಿದುಕೊಳ್ಳೋದು' ಅನ್ನುವ ಯೋಚನೆ ಮೊದಲ ಸಲ ಬರುತ್ತದೆ. ನಾಲ್ಕನೆಯ ಗುಂಪನ್ನು ಅಳಿಸಬೇಡಿ. ಒಂದು ಹಾಳೆಗೆ ಬರೆದು ಗೋಡೆಯಲ್ಲಿ ಉಳಿಸಿ.

5. 'ಯಾಕೆ'ಯನ್ನು ಅಳೆಯಬಹುದಾದ ಪ್ರಶ್ನೆ ಮಾಡುವುದು

ಟೀಚರ್ ಅತಿ ಹೆಚ್ಚು ಬೇಕಾಗುವುದು ಈ ಹಂತದಲ್ಲಿ. ಮಕ್ಕಳ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ 'ಯಾಕೆ'ಯಲ್ಲಿ ಬರುತ್ತವೆ. 'ಯಾಕೆ' ಕುತೂಹಲದ ಪ್ರಶ್ನೆ ನಿಜ, ಆದರೆ ಅದನ್ನು ಬಾಟಲಿಗೆ ಹಾಕಿ ಕುಲುಕೋಕೆ ಬರಲ್ಲ. ಅದನ್ನು ಎಲ್ಲಿ, ಎಷ್ಟು, ಯಾವುದರಲ್ಲಿ ಜಾಸ್ತಿ, ಇದನ್ನು ಬದಲಿಸಿದರೆ ಏನಾಗುತ್ತದೆ ಅನ್ನುವ ಪ್ರಶ್ನೆಗಳಾಗಿ ಒಡೆಯಬೇಕು. ಒಡೆಯುವುದನ್ನು ಮಗುವಿನ ಕೈಯಲ್ಲೇ ಮಾಡಿಸಬೇಕು. ಮಾತು ಸುಮಾರು ಹೀಗೆ ಹೋಗುತ್ತದೆ:

"ಬೋರ್ ನೀರಿಗೆ ನೊರೆ ಯಾಕೆ ಬರಲ್ಲ ಮಿಸ್?"
"ಯಾವ ಬೋರು?"
"ನಮ್ಮ ಬೀದೀದು."
"ಎಲ್ಲಾ ಬೋರೂ ಹಿಂಗೇನಾ?"
"ಗೊತ್ತಿಲ್ಲ ಮಿಸ್."
"ಹೆಂಗೆ ತಿಳ್ಕೊಳ್ಳೋದು?"
"ಎಲ್ಲಾ ಕಡೆಯಿಂದ ತಂದು ನೋಡ್ಬೇಕು."
"ತಂದ ಮೇಲೆ, ಯಾವುದಕ್ಕೆ ಜಾಸ್ತಿ ನೊರೆ ಬಂತು ಅಂತ ಹೆಂಗೆ ಹೇಳ್ತೀಯ?"

ಇಲ್ಲಿ ಮಗು ತಡೆಯುತ್ತದೆ. ತಡೆಯಲಿ. ಸ್ಕೇಲಿನಲ್ಲಿ ನೊರೆಯ ಎತ್ತರ ಅಳೆಯೋಣ ಅಂತ ಒಬ್ಬ ಹೇಳಬಹುದು. ನೊರೆ ಬರೋವರೆಗೆ ಎಷ್ಟು ಹನಿ ಸೋಪು ಬೇಕು ಅಂತ ಎಣಿಸೋಣ ಅಂತ ಇನ್ನೊಬ್ಬಳು ಹೇಳಬಹುದು. ಎರಡೂ ಆಗುತ್ತದೆ. ಎರಡನೆಯದು ಹೆಚ್ಚು ನಿಖರ, ಆದರೆ ಅದನ್ನು ನೀವೇ ಹೇಳಿಕೊಡಬೇಕಿಲ್ಲ. ಎತ್ತರ ಅಳೆಯೋಕೆ ಹೋದ ಗುಂಪು, ಅಳೆಯುವಷ್ಟರಲ್ಲಿ ನೊರೆ ಇಳಿದುಹೋಗುತ್ತದೆ ಅಂತ ತಾನೇ ಗೊಣಗಿಕೊಂಡು ವಾಪಸ್ ಬರುತ್ತದೆ.

ಹೀಗೆ ಒಡೆದ ಕೆಲವು ಪ್ರಶ್ನೆಗಳು:

"ಈ ನೀರು ಯಾಕೆ ಹಿಂಗೆ?" ಅನ್ನುವುದರಿಂದ: ಮಳೆ ನೀರು, ಬಾವಿ ನೀರು, ಬೋರ್ ನೀರು, ಕೆರೆ ನೀರು, ಶುದ್ಧ ನೀರಿನ ಘಟಕದ ನೀರು, ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಹನಿ ಸೋಪು ಬೇಕು?

"ಕಾಯಿಸಿದ್ರೆ ಒಳ್ಳೇದಾಗುತ್ತಾ?" ಅನ್ನುವುದರಿಂದ: ಅದೇ ಬೋರ್ ನೀರನ್ನು 10 ನಿಮಿಷ ಕುದಿಸಿ ಆರಿಸಿದರೆ ಹನಿಗಳ ಲೆಕ್ಕ ಕಡಿಮೆ ಆಗುತ್ತದಾ?

"ನಮ್ಮಮ್ಮ ಬೇರೆ ಸೋಪು ಹಾಕ್ತಾರೆ, ಅದಕ್ಕೆ ನೊರೆ ಬರುತ್ತೆ" ಅನ್ನುವುದರಿಂದ: ಮೈ ಸೋಪು ಮತ್ತು ಬಟ್ಟೆಯ ಡಿಟರ್ಜೆಂಟ್ ಪುಡಿ, ಎರಡನ್ನೂ ಅದೇ ನೀರಿಗೆ ಹಾಕಿದರೆ ಏನು ವ್ಯತ್ಯಾಸ?

"ಬೇಳೆ ಯಾಕೆ ಬೇಯಲ್ಲ?" ಅನ್ನುವುದರಿಂದ: ಒಂದೇ ಅಳತೆ ತೊಗರಿಬೇಳೆ, ಒಂದೇ ಒಲೆ, ಎರಡು ನೀರು. ಯಾವುದು ಎಷ್ಟು ನಿಮಿಷಕ್ಕೆ ಬೆರಳಲ್ಲಿ ಒತ್ತಿದರೆ ಮೆತ್ತಗಾಗುತ್ತದೆ?

ಪ್ರತಿ ಗುಂಪೂ ಒಂದೇ ಪ್ರಶ್ನೆ ಆರಿಸಿಕೊಳ್ಳಲಿ. ನೀವು ಹಂಚಬೇಡಿ. ಇಬ್ಬರಿಗೆ ಒಂದೇ ಪ್ರಶ್ನೆ ಬೇಕಾದರೆ ಇನ್ನೂ ಒಳ್ಳೆಯದು, ಆಮೇಲೆ ಲೆಕ್ಕ ಹೋಲಿಸಬಹುದು.

6. ಪ್ರಯೋಗ ಹೂಡುವುದು

ಶುರು ಮಾಡುವ ಮುಂಚೆ ಪ್ರತಿ ಮಗುವೂ ತನ್ನ ಊಹೆಯನ್ನು ಪೆನ್ನಿನಲ್ಲಿ ಬರೆಯಬೇಕು. ಪೆನ್ಸಿಲ್ ಬೇಡ, ಆಮೇಲೆ ಅಳಿಸುತ್ತಾರೆ. ಊಹೆ ತಪ್ಪಾದರೆ ಅಂಕ ಹೋಗಲ್ಲ ಅಂತ ಗಟ್ಟಿಯಾಗಿ ಹೇಳಿ, ಆ ಮಾತು ಉಳಿಸಿಕೊಳ್ಳಿ.

ಆಮೇಲೆ ಒಂದು ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ನೀರು ಬದಲಿಸುತ್ತೀರಾ? ಹಾಗಾದರೆ ಸೋಪು, ಬಾಟಲಿ, ನೀರಿನ ಅಳತೆ, ಕುಲುಕುವ ಲೆಕ್ಕ ಎಲ್ಲವೂ ಒಂದೇ ಇರಬೇಕು. ಇದನ್ನು ಉಪದೇಶ ಮಾಡಿದರೆ ತಲೆಗೆ ಹೋಗಲ್ಲ. ಒಂದು ಗುಂಪಿನವರು ದೊಡ್ಡ ಬಾಟಲಿ, ಇನ್ನೊಂದು ಗುಂಪಿನವರು ಸಣ್ಣ ಬಾಟಲಿ ಹಿಡಿದು ಬಂದಾಗ "ಇಬ್ಬರ ಲೆಕ್ಕವನ್ನೂ ಒಂದೇ ಪಟ್ಟಿಯಲ್ಲಿ ಬರೀಬಹುದಾ?" ಅಂತ ಕೇಳಿ. ಸಾಕು.

ಹನಿ ಲೆಕ್ಕದ ಪ್ರಯೋಗವನ್ನು ವಿವರವಾಗಿ ಹೇಳುತ್ತೇನೆ. ಸಾಮಾನೆಲ್ಲ ಊರಲ್ಲೇ ಸಿಗುತ್ತದೆ.

ಸೋಪು ಸರಿಯಾದದ್ದು ಇರಬೇಕು. ಡಿಟರ್ಜೆಂಟ್ ಬಿಲ್ಲೆ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ, ಪ್ರಯೋಗವೇ ಕೆಡುತ್ತದೆ. ಮೈಸೂರು ಸ್ಯಾಂಡಲ್‌ನಂಥ ಮೈ ಸೋಪು ಆಗುತ್ತದೆ. ಒಂದು ಚಮಚ ಸೋಪು ತುರಿದು 100 ಮಿ.ಲೀ. ಬೆಚ್ಚನೆಯ ಮಳೆ ನೀರಿನಲ್ಲಿ ಕರಗಿಸಿ. ಅವತ್ತೇ ಬಳಸಿ, ತಣ್ಣಗಾಗಿ ಗಟ್ಟಿಯಾದರೆ ಮತ್ತೆ ಬೆಚ್ಚಗೆ ಮಾಡಿ. ಇಡೀ ತರಗತಿಗೆ ಒಂದೇ ಪಾತ್ರೆಯಲ್ಲಿ ಮಾಡಿದ ಸೋಪಿನ ನೀರು ಹಂಚಿ.

ಒಂದೇ ಅಳತೆಯ ಸಣ್ಣ ಬಾಟಲಿಗಳನ್ನು ಚೆನ್ನಾಗಿ ತೊಳೆದು ಒಣಗಿಸಿ. ಪ್ರತಿಯೊಂದಕ್ಕೂ 20 ಮಿ.ಲೀ. ನೀರು. ಅಳತೆಗೆ ಕೆಮ್ಮಿನ ಔಷಧದ ಮುಚ್ಚಳ ಸಾಕು, ಅದರಲ್ಲಿ ಗೆರೆ ಇರುತ್ತದೆ. ಹನಿ ಹಾಕೋಕೆ ಡ್ರಾಪರ್, ಎಲ್ಲ ಗುಂಪಿಗೂ ಒಂದೇ ಥರದ್ದು. ಎರಡು ಹನಿ ಹಾಕಿ, ಮುಚ್ಚಿ, 10 ಸಲ ಕುಲುಕಿ, ಕೆಳಗಿಡಿ. ಮೇಲೆಲ್ಲ ನೊರೆ ಮುಚ್ಚಿಕೊಂಡು ಒಂದು ನಿಮಿಷ ನಿಂತರೆ ನಿಲ್ಲಿಸಿ. ಇಲ್ಲದಿದ್ದರೆ ಮತ್ತೆ ಎರಡು ಹನಿ. ನೊರೆ ನಿಲ್ಲುವವರೆಗೆ ಹಾಕಿದ ಒಟ್ಟು ಹನಿಯೇ ಆ ನೀರಿನ ಲೆಕ್ಕ. ಒಂದೊಂದು ನೀರಿಗೂ ಮೂರು ಸಲ ಮಾಡಿ.

ಒಳಗೆ ಏನಾಗುತ್ತದೆ ಅಂತ ನಿಮಗೆ ಗೊತ್ತಿರಲಿ. ಮಳೆ ನೀರು ಕಲ್ಲು ಮಣ್ಣಿನ ಮೂಲಕ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಸೋಪು ಮೊದಲು ಈ ಲವಣಗಳ ಜೊತೆ ಸೇರಿ ಕರಗದ ಗಸಿ ಆಗುತ್ತದೆ. ಅವೆಲ್ಲ ಖರ್ಚಾದ ಮೇಲೆ ಹಾಕಿದ ಸೋಪು ಮಾತ್ರ ನೊರೆ ಕೊಡುತ್ತದೆ. ಹಾಗಾಗಿ ಹನಿ ಜಾಸ್ತಿ ಬೇಕಾದಷ್ಟೂ ನೀರು ಗಡಸು. ಇದನ್ನು ಈಗಲೇ ಹೇಳಬೇಡಿ, ಇಟ್ಟುಕೊಂಡಿರಿ.

ಕುದಿಸುವ ಪ್ರಯೋಗದಲ್ಲಿ ಒಲೆಯ ಹತ್ತಿರ ನೀವೇ ಇರಬೇಕು, ಇದರಲ್ಲಿ ರಾಜಿ ಇಲ್ಲ. ಪಾತ್ರೆಗೆ ಮುಚ್ಚಳ ಹಾಕಿಸಿ. ತೆರೆದಿಟ್ಟು ಕುದಿಸಿದರೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಕೆಲವು ಲವಣಗಳ ಪ್ರಮಾಣ ಇನ್ನೂ ಹೆಚ್ಚುತ್ತದೆ. ಬೈಕಾರ್ಬನೇಟ್‌ನಿಂದ ಬಂದ ಗಡಸುತನ ಕುದಿಸಿದಾಗ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ, ಸಲ್ಫೇಟ್ ಮತ್ತು ಕ್ಲೋರೈಡ್‌ನಿಂದ ಬಂದದ್ದು ಹೋಗಲ್ಲ. ಅಂದರೆ ಒಂದು ಬೀದಿಯ ನೀರು ಕುದಿಸಿದರೆ ಮೆದುವಾಗಬಹುದು, ಇನ್ನೊಂದು ಬೀದಿಯದು ಆಗದಿರಬಹುದು. ಮಕ್ಕಳಿಗೆ ಇಂಥ ಗೊಂದಲ ಸಿಕ್ಕರೆ ನಿಮ್ಮ ಅದೃಷ್ಟ.

7. ಲೆಕ್ಕ ಸರಿಹೋಗದಾಗ

ಅದೇ ನೀರು. ಒಂದು ಗುಂಪಿಗೆ 12 ಹನಿ ಬಂತು, ಇನ್ನೊಂದಕ್ಕೆ 20. ಮಕ್ಕಳು ನಿಮ್ಮ ಕಡೆ ನೋಡುತ್ತಾರೆ: "ಯಾರದ್ದು ಸರಿ ಮಿಸ್?"

ತೀರ್ಪು ಕೊಡಬೇಡಿ. "ಇಬ್ಬರೂ ಒಬ್ಬರ ಮುಂದೆ ಒಬ್ಬರು ಮಾಡಿ ತೋರಿಸಿ, ಎಲ್ಲಿ ವ್ಯತ್ಯಾಸ ಆಗುತ್ತೆ ನೋಡೋಣ" ಅನ್ನಿ. ಒಬ್ಬ ಡ್ರಾಪರ್ ಓರೆ ಹಿಡಿದಿರುತ್ತಾನೆ, ಹನಿಯ ಗಾತ್ರ ಬದಲಾಗಿರುತ್ತದೆ. ಇನ್ನೊಬ್ಬಳು ಮೆಲ್ಲಗೆ ಕುಲುಕಿರುತ್ತಾಳೆ. ಬಾಟಲಿ ತೊಳೆದ ಡಿಟರ್ಜೆಂಟ್ ಸರಿಯಾಗಿ ಹೋಗಿರುವುದಿಲ್ಲ. ತಪ್ಪು ಎಲ್ಲಿಂದ ನುಸುಳಿತು ಅಂತ ಮಕ್ಕಳೇ ಪತ್ತೆ ಹಚ್ಚುವ ಈ ಅರ್ಧ ಗಂಟೆ, ನನ್ನ ಪ್ರಕಾರ, ಇಡೀ ಪ್ರಾಜೆಕ್ಟಿನಲ್ಲೇ ಅತಿ ಬೆಲೆಬಾಳುವ ಹೊತ್ತು. ಅವಸರ ಮಾಡಬೇಡಿ.

ಇದೆಲ್ಲ ಬರೆದಿಡೋಕೆ ಒಂದು ಸಾದಾ ನೋಟ್‌ಬುಕ್ ಇರಲಿ. ಕಾಟು ಹೊಡೆದದ್ದು, ಕಲೆ ಬಿದ್ದದ್ದು ಎಲ್ಲ ಹಾಗೇ ಇರಲಿ. 'ಫೇರ್ ಕಾಪಿ' ಅನ್ನುವುದನ್ನು ಈ ಕೆಲಸದ ಮಟ್ಟಿಗೆ ಮರೆತುಬಿಡಿ. ಹೊಸದಾಗಿ ನಕಲು ಮಾಡುವಾಗ ಮಕ್ಕಳು ಮೊದಲು ಅಳಿಸುವುದು ಸರಿಹೋಗದ ಲೆಕ್ಕವನ್ನೇ.

8. ಊರಿನವರನ್ನು ಕೇಳುವುದು

ನೀರಗಂಟಿ, ಅಡುಗೆ ಅಕ್ಕ, ಬೋರ್ ಕೊರೆಸಿದ ರೈತ, ಹಳೇ ಬಾವಿ ಕಂಡ ಅಜ್ಜ ಅಜ್ಜಿ. ಪುಸ್ತಕದಲ್ಲಿ ಇಲ್ಲದ ಎಷ್ಟೋ ವಿಷಯ ಇವರ ಹತ್ತಿರ ಇದೆ. ಯಾವ ಬೋರು ಎಷ್ಟು ಅಡಿ, ಯಾವುದು ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಯಾವ ಬಾವಿ ನೀರಿಗೆ ಬೇಳೆ ಬೇಗ ಬೇಯುತ್ತಿತ್ತು.

ಮಕ್ಕಳು ಐದು ಪ್ರಶ್ನೆ ಬರೆದುಕೊಂಡು ಹೋಗಲಿ, ಆದರೆ ಅದರಲ್ಲಿ ಹೌದು-ಇಲ್ಲ ಉತ್ತರದ ಪ್ರಶ್ನೆ ಬೇಡ. "ಮೊದಲು ನೀರು ಚೆನ್ನಾಗಿತ್ತಾ?" ಅಂದರೆ ಅಜ್ಜ "ಹೂಂ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ನೀವು ನಮ್ಮಷ್ಟಿದ್ದಾಗ ನೀರು ಎಲ್ಲಿಂದ ತರ್ತಿದ್ರಿ?" ಅಂದರೆ ಮಾತು ನಿಲ್ಲುವುದೇ ಇಲ್ಲ.

ಹೇಳಿದ್ದನ್ನು ಆಮೇಲೆ ಪರೀಕ್ಷಿಸಬಹುದು. ಬಾವಿ ನೀರು ಬೋರಿಗಿಂತ ಮೆದು ಅಂತ ಅಜ್ಜಿ ಹೇಳಿದರಾ? ಆ ಬಾವಿಯಲ್ಲಿ ಈಗಲೂ ನೀರಿದ್ದರೆ ದೊಡ್ಡವರ ಕೈಯಲ್ಲಿ ಒಂದು ಬಾಟಲಿ ತರಿಸಿ ಹನಿ ಎಣಿಸಿ. ಅಜ್ಜಿಯ ಮಾತನ್ನು ಅನುಮಾನಿಸುವುದಲ್ಲ ಇದು, ಗೌರವದಿಂದ ಅಳೆದು ನೋಡುವುದು. ಅಜ್ಜಿಗೂ ಫಲಿತಾಂಶ ಹೇಳಿ ಬರಲಿ.

ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಅಲ್ಲಿಗೂ ಒಂದು ಸಲ ಹೋಗಿ. ಶುದ್ಧ ನೀರನ್ನಷ್ಟೇ ತರಬೇಡಿ, ಹಿಂದುಗಡೆ ಪೈಪಿನಲ್ಲಿ ಹೊರಗೆ ಹೋಗುವ ನೀರನ್ನೂ ಒಂದು ಬಾಟಲಿ ಹಿಡಿಯಿರಿ. ಯಂತ್ರ ಬೇರ್ಪಡಿಸಿದ ಲವಣವೆಲ್ಲ ಅದರಲ್ಲಿ ಇರುವುದರಿಂದ ಹನಿ ಲೆಕ್ಕ ಮೇಲೇರುತ್ತದೆ. "ಆ ನೀರು ಎಲ್ಲಿಗೆ ಹೋಗುತ್ತೆ?" ಅನ್ನುವ ಮುಂದಿನ ಪ್ರಶ್ನೆಯನ್ನು ಮಕ್ಕಳು ನಿಮಗೆ ಕೇಳದೆ ಬಿಡುವುದಿಲ್ಲ.

9. ಪುಸ್ತಕ ತೆರೆಯುವ ಹೊತ್ತು

ಈಗ ಪುಸ್ತಕ ತೆಗೆಯಿರಿ. ಸೋಪು ಮತ್ತು ಗಡಸು ನೀರಿನ ವಿಷಯ 10ನೇ ತರಗತಿಯ 'ಕಾರ್ಬನ್ ಮತ್ತು ಅದರ ಸಂಯುಕ್ತಗಳು' ಪಾಠದಲ್ಲಿದೆ. ಹೈಸ್ಕೂಲಿನಿಂದ ಒಂದು ಪುಸ್ತಕ ತರಿಸಿ, ಆ ಎರಡು ಪುಟ ಓದಿಸಿ. ಹನಿ ಎಣಿಸಿ ಬಂದ ಮಗು ಮುಂದಿನ ತರಗತಿಯ ಪಾಠವನ್ನೂ ಓದುತ್ತದೆ, ಯಾಕೆಂದರೆ ಅದು ತನ್ನ ಬಾಟಲಿಯ ಕಥೆ. ಇಟ್ಟುಕೊಂಡಿದ್ದ ವಿವರಣೆಯನ್ನು ನೀವು ಹೇಳಬೇಕಾದದ್ದೂ ಈಗಲೇ.

ಒಂದು ಎಚ್ಚರಿಕೆಯನ್ನೂ ಈಗಲೇ ಕೊಡಿ. ಸೋಪಿನ ಪರೀಕ್ಷೆ ಗಡಸುತನ ಮಾತ್ರ ಹೇಳುತ್ತದೆ. ಗಡಸು ನೀರು ಅಂದ ಮಾತ್ರಕ್ಕೆ ಕುಡಿಯಬಾರದು ಅಂತಲ್ಲ, ನೊರೆ ಬಂತು ಅಂದ ಮಾತ್ರಕ್ಕೆ ಸುರಕ್ಷಿತ ಅಂತಲೂ ಅಲ್ಲ. ಫ್ಲೋರೈಡ್, ನೈಟ್ರೇಟ್, ರೋಗಾಣು ಇವು ಯಾವುದೂ ಸೋಪಿಗೆ ಗೊತ್ತಾಗಲ್ಲ. ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಇಟ್ಟುಕೊಂಡು ನೀರಿಗೆ ಸರ್ಟಿಫಿಕೇಟ್ ಕೊಡುವವರೂ ಇದೇ ತಪ್ಪು ಮಾಡುತ್ತಾರೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಫ್ಲೋರೈಡ್‌ಗೆ ಮಿತಿ 1.0, ಬೇರೆ ನೀರಿಲ್ಲದಿದ್ದರೆ 1.5. ಹನಿ ಲೆಕ್ಕದಿಂದ ಈ ಅಂಕಿ ಬರುವುದಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಪಂಚಾಯಿತಿಗಳಿಗೆ ಕೊಟ್ಟ ನೀರು ಪರೀಕ್ಷೆಯ ಕಿಟ್ ನಿಮ್ಮಲ್ಲಿ ಇದ್ದರೆ, ಅದನ್ನು ಬಳಸಲು ತರಬೇತಿ ಪಡೆದ ಮಹಿಳೆಯರನ್ನು ಶಾಲೆಗೆ ಕರೆಸಿ. ತಮ್ಮ ಲೆಕ್ಕದಿಂದ ಏನು ಹೇಳಬಹುದು, ಏನು ಹೇಳಬಾರದು ಅನ್ನುವುದೂ ಮಕ್ಕಳಿಗೆ ಗೊತ್ತಾಗಬೇಕಾದ ವಿಷಯವೇ.

10. ಗುಂಪಿನೊಳಗೆ ಏನಾಗುತ್ತಿದೆ ನೋಡಿ

ಗುಂಪು ಮಾಡಿ ಬಿಟ್ಟರೆ ಸಾಮಾನ್ಯವಾಗಿ ಹೀಗಾಗುತ್ತದೆ: ಹುಡುಗರು ಡ್ರಾಪರ್ ಹಿಡಿಯುತ್ತಾರೆ, ಹುಡುಗಿಯರು ಪೆನ್ನು ಹಿಡಿಯುತ್ತಾರೆ. ಅಕ್ಷರ ಚೆನ್ನಾಗಿರೋದು ಅವರದ್ದೇ ಅನ್ನುವ ನೆಪ ಬೇರೆ. ಪ್ರತಿ ನೀರಿಗೆ ಒಮ್ಮೆ ಕೆಲಸ ಅದಲುಬದಲಾಗಲಿ: ಹನಿ ಹಾಕುವವರು, ಕುಲುಕುವವರು, ಸಮಯ ನೋಡುವವರು, ಬರೆಯುವವರು. ಹೀಗೆ ಮಾಡಿದರೆ ಮೂಲೆಯಲ್ಲಿ ಕೂರುವ ಮಗುವಿಗೂ ಡ್ರಾಪರ್ ಬರುತ್ತದೆ. ಹುಷಾರಾದ ಮಕ್ಕಳನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡಿ, ಅಷ್ಟೇ.

11. ಅಂಕ ಯಾವುದಕ್ಕೆ

ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗೆ ಅಂಕ ಇದ್ದೇ ಇದೆ. ಅದನ್ನೇ ಬಳಸಿಕೊಳ್ಳಿ. ಆದರೆ ಯಾವುದಕ್ಕೆ ಅಂಕ ಅಂತ ಮೊದಲ ದಿನವೇ ಗೋಡೆಗೆ ಬರೆದು ಅಂಟಿಸಿ. 10 ಅಂಕ ಇದ್ದರೆ ನಾನು ಹೀಗೆ ಹಂಚುತ್ತೇನೆ: ಪ್ರಶ್ನೆ ಅಳೆಯುವಂತೆ ಇದೆಯಾ, 2. ನೋಟ್‌ಬುಕ್‌ನಲ್ಲಿ ನಡೆದದ್ದು ನಡೆದಂತೆ ಇದೆಯಾ, 4. ಲೆಕ್ಕ ನೋಡಿ ಹೇಳಿದ ಮಾತಿಗೆ ಲೆಕ್ಕದಲ್ಲೇ ಆಧಾರ ಇದೆಯಾ, 2. ಕೊನೆಗೆ ಒಂದು ಹೊಸ ಪ್ರಶ್ನೆ ಹುಟ್ಟಿತಾ, 2.

ಚಾರ್ಟಿನ ಅಂದಕ್ಕೆ, ಥರ್ಮಾಕೋಲಿಗೆ, ಮಿಂಚಿನ ಕಾಗದಕ್ಕೆ ಸೊನ್ನೆ. ಕೆಲವು ಪೋಷಕರಿಗೆ ಬೇಜಾರಾಗಬಹುದು. ಖರ್ಚು ಉಳಿಯಿತು ಅಂತ ಉಳಿದವರು ಖುಷಿಪಡುತ್ತಾರೆ.

12. ಯಾರ ಮುಂದೆ ಹೇಳುವುದು

ಟೀಚರ್ ಮುಂದೆ ಮಾತ್ರ ಹೇಳುವುದಾದರೆ ಅದು ಮತ್ತೆ ಪರೀಕ್ಷೆಯೇ ಆಯಿತು. ಉತ್ತರ ನಿಜವಾಗಿ ಬೇಕಾದವರ ಮುಂದೆ ಹೇಳಿಸಿ. ಬೀದಿವಾರು ಹನಿ ಲೆಕ್ಕವನ್ನು ಊರಿನ ನಕ್ಷೆಯ ಮೇಲೆ ಬರೆದು ಪೋಷಕರ ಸಭೆಯಲ್ಲಿ ತೋರಿಸಬಹುದು. ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಗೆ ಒಯ್ದರೆ ಇನ್ನೂ ಚೆಂದ. "ನಮಗೆ ಒಳ್ಳೆಯ ನೀರು ಕೊಡಿ" ಅನ್ನುವುದಕ್ಕೂ, ಪಟ್ಟಿ ಹಿಡಿದು "ಈ ಬೀದಿಯ ನೀರಿಗೆ ಆ ಬೀದಿಯ ಎರಡರಷ್ಟು ಸೋಪು ಬೇಕು, ಇದನ್ನು ಲ್ಯಾಬಿಗೆ ಕಳಿಸಿ" ಅನ್ನುವುದಕ್ಕೂ ವ್ಯತ್ಯಾಸ ಇದೆ.

ಇನ್ನೂ ಮುಂದಕ್ಕೆ ಹೋಗುವ ಉಮೇದಿ ಇದ್ದರೆ 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಸಮಸ್ಯೆ ಹಿಡಿದು ಮಾಡಿದ ಕೆಲಸವನ್ನು ಅಲ್ಲಿ ಮಂಡಿಸಬಹುದು. ಆದರೆ ಬಹುಮಾನದ ಆಸೆಗೆ ಟೀಚರೇ ವರದಿ ಬರೆಯುವ ಚಾಳಿ ಅಲ್ಲೂ ಉಂಟು. ಅದಕ್ಕೆ ಇಳಿಯುವುದಾದರೆ ಇಷ್ಟೆಲ್ಲ ಮಾಡಬೇಕಾಗಿಯೇ ಇರಲಿಲ್ಲ.

13. ಸಮಯ ಎಲ್ಲಿಂದ ತರುವುದು

ಪೋರ್ಷನ್ ಮುಗಿಯಬೇಕು, ಇಲಾಖೆಯ ಮಾಹಿತಿ ಕಳಿಸಬೇಕು, ಇದರ ನಡುವೆ ಇದೊಂದು. ನಿಜ. ಅದಕ್ಕೇ ವರ್ಷಕ್ಕೆ ಒಂದೇ ಮಾಡಿ, ಆದರೆ ಪೂರ್ತಿ ಮಾಡಿ. 40 ನಿಮಿಷದ ಎಂಟು ಹತ್ತು ಪೀರಿಯಡ್ ಸಾಕು. ತೋರಿಸುವುದು ಮತ್ತು ಪ್ರಶ್ನೆ ಬರೆಯುವುದಕ್ಕೆ ಒಂದು, ವಿಂಗಡಿಸಿ ಒಡೆಯೋಕೆ ಎರಡು, ಪ್ರಯೋಗಕ್ಕೆ ಮೂರೋ ನಾಲ್ಕೋ, ಲೆಕ್ಕ ಕೂಡಿಸಿ ಮಾತಾಡೋಕೆ ಎರಡು. ಎರಡು ಪೀರಿಯಡ್ ಒಟ್ಟಿಗೆ ಸಿಗುವಂತೆ ಗಣಿತದ ಟೀಚರ್ ಹತ್ತಿರ ಮಾತಾಡಿ. ಸರಾಸರಿ, ಸ್ತಂಭಾಲೇಖ ಅವರಿಗೂ ಬೇಕಲ್ಲ. ಊರಿನವರನ್ನು ಮಾತಾಡಿಸಿ ಬರೆದದ್ದು ಕನ್ನಡದ ಟೀಚರಿಗೆ ಆಗುತ್ತದೆ. ಬ್ಯಾಗ್ ಇಲ್ಲದ ಶನಿವಾರ ಘಟಕಕ್ಕೋ ಬಾವಿಗೋ ಹೋಗಿ ಬರಬಹುದು.

ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮಳೆ ನೀರು ಹಿಡಿದಿಡಿ. ಜನವರಿ ಆದ ಮೇಲೆ ಹುಡುಕಿದರೆ ಸಿಗಲ್ಲ.

14. ನಿಮ್ಮ ಊರಲ್ಲಿ ಗಡಸು ನೀರೇ ಇಲ್ಲದಿದ್ದರೆ

ಕರಾವಳಿಯವರಿಗೆ ಬೇಸಿಗೆಯಲ್ಲಿ ಹೊಳೆ ಬದಿಯ ಬಾವಿ ಉಪ್ಪಾಗುವುದು ಇದೆ. ಸಮುದ್ರದಿಂದ ಎಷ್ಟು ದೂರದ ಬಾವಿಯವರೆಗೆ ಉಪ್ಪು, ಯಾವ ತಿಂಗಳಲ್ಲಿ ಶುರು? ಕೆಲವು ಬಾವಿಗಳ ನೀರು ಬಿಳಿ ಬಟ್ಟೆಗೆ ಕೆಂಪು ಕಲೆ ಹಿಡಿಸುತ್ತದೆ, ಅದನ್ನೂ ಹಿಡಿಯಬಹುದು. ಮಲೆನಾಡಿನಲ್ಲಿ ಮಳೆಮಾಪಕ ಮಾಡಿ ಮನೆಮನೆಯ ಮಳೆ ಅಳೆದರೆ ಒಂದೇ ಊರಿನ ಎರಡು ಕೇರಿಗೆ ಬೇರೆ ಬೇರೆ ಲೆಕ್ಕ ಬರಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟ್ ಮಕ್ಕಳಿಗೆ ಕಾವೇರಿ ನೀರು, ಬೋರ್ ನೀರು, ಟ್ಯಾಂಕರ್ ನೀರು ಮೂರೂ ಒಂದೇ ಮನೆಯಲ್ಲಿ ಸಿಗುತ್ತದೆ. ಸೋಪಿನ ಪ್ರಯೋಗಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಲ್ಯಾಣ ಕರ್ನಾಟಕದ ಬಿಸಿಲಲ್ಲಿ ತಗಡಿನ ಸೂರು, ಹೆಂಚಿನ ಸೂರು, ಮಣ್ಣಿನ ಮಾಳಿಗೆ ಇವುಗಳ ಕೆಳಗೆ ಥರ್ಮಾಮೀಟರ್ ಇಟ್ಟು ನೋಡಿ. ಯಾವುದನ್ನು ಆರಿಸಿದರೂ ಮೊದಲ ಪೀರಿಯಡ್‌ಗೆ ಮುಂಚೆ ನೀವೊಮ್ಮೆ ಮನೆಯಲ್ಲಿ ಮಾಡಿ ನೋಡಿಕೊಳ್ಳಿ. ಉತ್ತರಕ್ಕಾಗಿ ಅಲ್ಲ, ಸಾಮಾನು ಕೆಲಸ ಮಾಡುತ್ತದಾ ಅಂತ.